ಚೆನ್ನಾಗಿ ಕಾಣುವ ಮಗುವಿಗೂ ಮಾತ್ರೆ ಯಾಕೆ?

ನಾನು ಮಕ್ಕಳ ಡಾಕ್ಟರ್. ಹುಟ್ಟಿನಿಂದಲೇ ಥೈರಾಯ್ಡ್ ಕೊರತೆ (ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿ ಸಾಕಷ್ಟು ಹಾರ್ಮೋನು ಮಾಡದಿರುವುದು) ಇರುವ ಮಕ್ಕಳನ್ನು ವರ್ಷಗಳಿಂದ ನೋಡುತ್ತಿದ್ದೇನೆ. ಇದಕ್ಕೆ ಔಷಧಿ ಸುಲಭ. ದಿನಕ್ಕೊಂದು ಮಾತ್ರೆ, ಅಷ್ಟೇ. ನೋಡಲು ಏನೂ ತೊಂದರೆಯಿಲ್ಲದ ಮಗುವಿಗೆ ಆ ಮಾತ್ರೆ ಇವತ್ತೇ ಬೇಕು ಎಂದು ಮನೆಯವರನ್ನು ಒಪ್ಪಿಸುವುದೇ ಕಷ್ಟ.

ಹೊಟ್ಟೆಯಲ್ಲಿದ್ದಾಗ ತಾಯಿಯ ಥೈರಾಯ್ಡ್ ಹಾರ್ಮೋನು ಸ್ವಲ್ಪ ಮಗುವಿಗೂ ಸಿಕ್ಕಿರುತ್ತದೆ. ಅದಕ್ಕೇ ಹುಟ್ಟಿದಾಗ ಮಗು ಚೆನ್ನಾಗಿ ಕಾಣುತ್ತದೆ. ಅದು ಖಾಲಿಯಾದ ಮೇಲೆ ಒಂದೊಂದೇ ಲಕ್ಷಣ ಶುರುವಾಗುತ್ತದೆ. ಕಾಮಾಲೆ ಬೇಗ ಇಳಿಯುವುದಿಲ್ಲ. ಮಲಬದ್ಧತೆ, ದಪ್ಪ ನಾಲಿಗೆ, ಒರಟು ಅಳು, ಉಬ್ಬಿದ ಹೊಕ್ಕಳು. ಎಲ್ಲಕ್ಕಿಂತ ಜಾಸ್ತಿ ಮೋಸ ಮಾಡುವುದು ನಿದ್ದೆ. “ಅಳೋದೇ ಇಲ್ಲ ಡಾಕ್ಟ್ರೇ, ಹಾಲಿಗೂ ನಾವೇ ಎಬ್ಬಿಸಬೇಕು, ತುಂಬಾ ಸಾಧು” ಎಂದು ಮನೆಯವರು ಖುಷಿಯಿಂದ ಹೇಳುತ್ತಾರೆ. ಹಾಗೆ ಕೇಳಿದ ಕೂಡಲೇ ನಾನು ಥೈರಾಯ್ಡ್ ಟೆಸ್ಟ್ ಬರೆಯುತ್ತೇನೆ. ಮೊದಲ 2–3 ವರ್ಷ ಮೆದುಳು ಬೆಳೆಯಲು ಈ ಹಾರ್ಮೋನು ಬೇಕೇ ಬೇಕು. ಲಕ್ಷಣ ಎದ್ದು ಕಾಣಲಿ ಎಂದು ಕಾದರೆ, ಅಷ್ಟರಲ್ಲಿ ಆದ ನಷ್ಟವನ್ನು ಆಮೇಲೆ ಕೊಡುವ ಮಾತ್ರೆ ಪೂರ್ತಿ ಸರಿ ಮಾಡುವುದಿಲ್ಲ.

ಹಾಗಾಗಿ ನನ್ನ ಕೈಗೆ ಬರುವ ಪ್ರತಿ ಹಸುಗೂಸಿನ ಹಿಮ್ಮಡಿ ಚುಚ್ಚಿ ಕೆಲವು ಹನಿ ರಕ್ತ ತೆಗೆಸಿ, ಥೈರಾಯ್ಡ್ ಗ್ರಂಥಿಗೆ ‘ಕೆಲಸ ಮಾಡು’ ಎಂದು ಹೇಳುವ, ಆ ಗ್ರಂಥಿ ಸೋತರೆ ಏರುವ ಹಾರ್ಮೋನು ಟಿಎಸ್‌ಎಚ್ ನೋಡುತ್ತೇನೆ. ಹುಟ್ಟಿದ ಮೊದಲ ದಿನ ಎಲ್ಲ ಮಕ್ಕಳಲ್ಲೂ ಟಿಎಸ್‌ಎಚ್ ಏರಿರುತ್ತದೆ, ಅದಕ್ಕೆ ಆದಷ್ಟು 48 ಗಂಟೆ ದಾಟಲು ಬಿಡುತ್ತೇನೆ. ತಿಂಗಳು ತುಂಬದೆ ಹುಟ್ಟಿದ ಮಗುವಾದರೆ ರಿಪೋರ್ಟ್ ನಾರ್ಮಲ್ ಬಂತೆಂದು ಸುಮ್ನೆ ಬಿಡುವುದಿಲ್ಲ. ಅಂಥ ಮಕ್ಕಳಲ್ಲಿ ಟಿಎಸ್‌ಎಚ್ ತಡವಾಗಿ ಏರಬಹುದು. ಕೆಲವು ವಾರದೊಳಗೆ ಇನ್ನೊಮ್ಮೆ ಮಾಡಿಸುತ್ತೇನೆ.

ಟಿಎಸ್‌ಎಚ್ ತುಂಬಾ ಜಾಸ್ತಿ ಬಂದರೆ ಅದೇ ದಿನ ಕರೆಸಿ, ರಕ್ತನಾಳದಿಂದ ರಕ್ತ ತೆಗೆದು ಫ್ರೀ ಟಿ4 (ರಕ್ತದಲ್ಲಿರುವ ಥೈರಾಯ್ಡ್ ಹಾರ್ಮೋನಿನ ಅಳತೆ) ಜೊತೆ ಮತ್ತೆ ನೋಡುತ್ತೇನೆ. ಗ್ರಂಥಿ ಇದೆಯೋ ಇಲ್ಲವೋ ಎಂದು ಸ್ಕ್ಯಾನ್ ಮಾಡಿಸಬಹುದು, ಆದರೆ ಅದಕ್ಕಾಗಿ ಮಾತ್ರೆ ತಡ ಮಾಡಬಾರದು. ಹುಟ್ಟಿದ 2 ವಾರದೊಳಗೆ ಲೆವೋಥೈರಾಕ್ಸಿನ್, ಅಂದರೆ ಥೈರಾಯ್ಡ್ ಹಾರ್ಮೋನಿನ ಮಾತ್ರೆ, ಶುರುವಾಗಬೇಕು. ಸಾಮಾನ್ಯವಾಗಿ ಕೆಜಿ ತೂಕಕ್ಕೆ ದಿನಕ್ಕೆ 10–15 ಮೈಕ್ರೋಗ್ರಾಂ.

“ಮಗು ಚೆನ್ನಾಗೇ ಇದೆಯಲ್ಲ, ಸ್ವಲ್ಪ ದೊಡ್ಡದಾಗಲಿ” ಎನ್ನುವ ಅಜ್ಜಿಯರು ಇದ್ದೇ ಇರುತ್ತಾರೆ. ಅಷ್ಟು ಪುಟ್ಟ ಮಗುವಿಗೆ ಮಾತ್ರೆ ಅಂದರೆ ಯಾರಿಗಾದರೂ ಹೆದರಿಕೆಯೇ ಅಲ್ವಾ? “ಅಜ್ಜಿ, ಮಗುವಿನ ದೇಹವೇ ಮಾಡಿಕೊಳ್ಳಬೇಕಿದ್ದ ಹಾರ್ಮೋನು ಇದು. ಅದಕ್ಕೆ ಆಗ್ತಿಲ್ಲ, ನಾವು ಕೊಡ್ತಿದ್ದೀವಿ. ಚೆನ್ನಾಗಿರುವಾಗಲೇ ಕೊಟ್ಟರೆ ಚೆನ್ನಾಗೇ ಬೆಳೆಯುತ್ತೆ” ಎನ್ನುತ್ತೇನೆ. ತಾಯಿಯ ಹತ್ತಿರ ಬೇರೆಯಾಗಿ ಮಾತಾಡುತ್ತೇನೆ. ಹೆಚ್ಚಿನ ಮಕ್ಕಳಲ್ಲಿ ಗ್ರಂಥಿಯೇ ಸರಿಯಾಗಿ ಬೆಳೆದಿರುವುದಿಲ್ಲ, ಇದರಲ್ಲಿ ನಿಮ್ಮ ತಪ್ಪು ಏನೂ ಇಲ್ಲ ಎಂದು ಅವರು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಎಷ್ಟೋ ತಾಯಂದಿರು ಅದನ್ನು ಕೇಳಲಾಗದೆ ಒಳಗೇ ಕೊರಗುತ್ತಿರುತ್ತಾರೆ.

ಮೊದಲ ಮಾತ್ರೆಯನ್ನು ನನ್ನ ಎದುರಿಗೇ ಕೊಡಿಸುತ್ತೇನೆ. ಎರಡು ಚಮಚದ ನಡುವೆ ಇಟ್ಟು ಪುಡಿ ಮಾಡಿ, ಸ್ವಲ್ಪವೇ ಎದೆಹಾಲಿನಲ್ಲೋ ನೀರಿನಲ್ಲೋ ಕಲಸಿ ಕೂಡಲೇ ಕುಡಿಸಬೇಕು. ಬಾಟಲಿ ತುಂಬ ಹಾಲಿಗೆ ಹಾಕಿದರೆ, ಉಳಿದ ಹಾಲಿನ ಜೊತೆ ಔಷಧಿಯೂ ಉಳಿದುಹೋಗುತ್ತದೆ. ನಾಳೆಗೆಂದು ಕಲಸಿಡಬಾರದು. ಕಬ್ಬಿಣ, ಕ್ಯಾಲ್ಸಿಯಂ ಹನಿ ಕೊಡುತ್ತಿದ್ದರೆ 4 ಗಂಟೆ ಅಂತರ ಬೇಕು, ಇಲ್ಲದಿದ್ದರೆ ಮಾತ್ರೆ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಸೋಯಾ ಹಾಲಿಗೂ ಇದೇ ತೊಂದರೆ.

ಶುರು ಮಾಡಿ ಒಂದೆರಡು ವಾರಕ್ಕೆ ಮತ್ತೆ ರಕ್ತ ಪರೀಕ್ಷೆ. ಮೊದಲ ವರ್ಷ ಆಗಾಗ ಬರಲೇಬೇಕು, ಮಗುವಿನ ತೂಕ ಏರಿದಂತೆ ಡೋಸ್ ಬದಲಾಗುತ್ತದೆ. ಮಗು ಗುಂಡಗುಂಡಗಾಗಿ, ನಗುತ್ತಾ ಇದ್ದಾಗ “ಈಗ ನಿಲ್ಲಿಸಬಹುದಾ?” ಎಂಬ ಪ್ರಶ್ನೆ ಬರುತ್ತದೆ. 3 ವರ್ಷದವರೆಗೆ ಆ ಮಾತೇ ಬೇಡ ಎನ್ನುತ್ತೇನೆ. ಗ್ರಂಥಿಯೇ ಇಲ್ಲದ ಮಕ್ಕಳಿಗೆ ಮಾತ್ರೆ ಜೀವನಪೂರ್ತಿ ಬೇಕು. ಗ್ರಂಥಿ ಇದ್ದು, ಕಡಿಮೆ ಡೋಸ್‌ನಲ್ಲೇ ಸರಿಯಿರುವ ಮಕ್ಕಳಿಗೆ ಮಾತ್ರ 3 ವರ್ಷ ದಾಟಿದ ಮೇಲೆ ಸುಮಾರು 4 ವಾರ ನಿಲ್ಲಿಸಿ ಪರೀಕ್ಷೆ ಮಾಡುತ್ತೇನೆ. ಕೆಲವರಿಗೆ ಮುಂದೆ ಮಾತ್ರೆ ಬೇಕಾಗುವುದಿಲ್ಲ. ಟಿಎಸ್‌ಎಚ್ ಮತ್ತೆ ಏರಿದವರಿಗೆ ಅವತ್ತೇ ಮತ್ತೆ ಶುರು.