ಮೊಳೆಗಳ ನಡುವೆ ಹುಡುಕುವ ಬಗೆ

ಪಾಳುಬಿದ್ದ ಊರಿನ ಜಾಗದಲ್ಲಿ ಮೆಟಲ್ ಡಿಟೆಕ್ಟರ್ ಆನ್ ಮಾಡಿದರೆ ಮೊದಲು ಕೇಳುವುದು ಕಬ್ಬಿಣದ ಗೊರಗೊರ. ಬಹಳ ಮಂದಿ ಡಿಸ್ಕ್ರಿಮಿನೇಷನ್ (ಬೇಡದ ಲೋಹದ ಸದ್ದನ್ನು ಸೋಸಿ ಬಿಡುವ ಸೆಟ್ಟಿಂಗ್) ಏರಿಸಿ ಆ ಸದ್ದನ್ನು ಮುಚ್ಚಿಬಿಡುತ್ತಾರೆ. ನಾನು ಮುಚ್ಚುವುದಿಲ್ಲ. ಮೊಳೆ ಒತ್ತಾಗಿ ಬಿದ್ದಿರುವ ಕಡೆ ಸಾಮಾನ್ಯವಾಗಿ ಮನೆಯೋ ಕೊಟ್ಟಿಗೆಯೋ ನಿಂತಿತ್ತು ಎಂದೇ ಅರ್ಥ.

ಜಮೀನಿನ ಒಡೆಯರ ಲಿಖಿತ ಒಪ್ಪಿಗೆ ಮತ್ತು ಕಾನೂನಿನ ಅನುಮತಿ ಕೈಯಲ್ಲಿಲ್ಲದೆ ಯಂತ್ರ ಹೊರಗೆ ತೆಗೆಯಬಾರದು. ಸಂರಕ್ಷಿತ ಸ್ಮಾರಕದ ಜಾಗವಂತೂ ಬೇಡವೇ ಬೇಡ.

ಮೊದಲ ಸುತ್ತಿಗೆ 11 ಇಂಚಿನ ಕಾಯಿಲ್ (ನೆಲದ ಮೇಲೆ ಬೀಸುವ, ಲೋಹವನ್ನು ಗುರುತಿಸುವ ತಟ್ಟೆ) ಸಾಕು. ಮೂರು ಮೀಟರಿಗೊಂದು ಸಾಲು ಹಿಡಿದು ನಡೆಯುತ್ತೇನೆ, ಅಗೆಯುವುದಿಲ್ಲ. ಕಬ್ಬಿಣದ ಸದ್ದು ಎಲ್ಲಿ ಶುರುವಾಗಿ ಎಲ್ಲಿ ನಿಲ್ಲುತ್ತದೆ ಎಂಬುದಕ್ಕಷ್ಟೇ ಗೂಟ ನೆಡುತ್ತೇನೆ. ಎರಡನೇ ಸುತ್ತಿಗೆ 6 ಇಂಚಿನ ಕಾಯಿಲ್. ದೊಡ್ಡ ಕಾಯಿಲ್ ಕೆಳಗೆ ಒಮ್ಮೆಗೇ ನಾಲ್ಕೈದು ಮೊಳೆ ಸಿಕ್ಕಿ, ಪಕ್ಕದಲ್ಲೇ ಇರುವ ಹಿತ್ತಾಳೆಯ ಅಂಗಿ ಗುಂಡಿಯ ಸದ್ದು ಅವುಗಳಲ್ಲಿ ಮುಳುಗಿಹೋಗುತ್ತದೆ. ಚಿಕ್ಕದರಲ್ಲಿ ಆಳ ಕಡಿಮೆಯಾದರೂ ಒಂದೊಂದನ್ನೂ ಬಿಡಿಸಿ ಕೇಳಬಹುದು.

ಲೋಹವಿಲ್ಲದ ಕಡೆ ಕಾಯಿಲನ್ನು ನೆಲದಿಂದ 3 ಸೆಂ.ಮೀ.ಗೂ 30 ಸೆಂ.ಮೀ.ಗೂ ನಡುವೆ ಏರಿಸಿ ಇಳಿಸಿ, ಸದ್ದು ಏರುಪೇರಾಗದ ತನಕ ಗ್ರೌಂಡ್ ಬ್ಯಾಲೆನ್ಸ್ ಮಾಡಬೇಕು, ಅಂದರೆ ಮಣ್ಣಿನದೇ ಸದ್ದು ಬಾರದಂತೆ ಯಂತ್ರವನ್ನು ಹೊಂದಿಸಬೇಕು. ಮಣ್ಣಿನ ಬಣ್ಣ ಬದಲಾದರೆ ಮತ್ತೆ ಮಾಡಬೇಕು. ಸೆನ್ಸಿಟಿವಿಟಿ (ಯಂತ್ರದ ಗ್ರಹಣಶಕ್ತಿ) ಪೂರ್ತಿ ಏರಿಸಿದರೆ ಯಂತ್ರ ಸುಮ್ಮಸುಮ್ಮನೆ ಚಿಟಿಗುಟ್ಟುತ್ತದೆ. ಅದು ಅಡಗುವಷ್ಟು ಇಳಿಸಿ. ಬೀಸುವುದು ನಿಧಾನ: ಮೊಳೆಯಿರುವ ಕಡೆ ಒಂದು ಮೀಟರಿಗೆ ಮೂರು ಸೆಕೆಂಡು. ಬೀಸಿನ ಕೊನೆಯಲ್ಲಿ ಕೈ ಮೇಲೆದ್ದರೆ ಆಳ ಹೋಯಿತೆಂದೇ ಲೆಕ್ಕ.

ಮೋಸ ಮಾಡುವುದು ತುಕ್ಕು ಹಿಡಿದ ಚಪ್ಪಟೆ ಕಬ್ಬಿಣ, ಬಳೆಯಾಕಾರದ ಕೊಂಡಿ, ಬಾಗಿದ ಮೊಳೆ. ಬೆಳ್ಳಿಯಂತೆಯೇ ತೆಳು ಸದ್ದು ಕೊಡುತ್ತವೆ. 90 ಡಿಗ್ರಿ ತಿರುಗಿ ನಿಂತು ಮತ್ತೆ ಬೀಸಿ. ಎರಡೂ ದಿಕ್ಕಿನಲ್ಲಿ ಅದೇ ಸ್ವರ, ಅದೇ ಜಾಗದಲ್ಲಿ ಬಂದರೆ ಅಗೆಯಿರಿ. ಸ್ವರ ಒಂದು ಗೇಣು ಅತ್ತ ಸರಿದರೆ ಬಹುಮಟ್ಟಿಗೆ ಕಬ್ಬಿಣವೇ. ಒಂದೇ ದಿಕ್ಕಿನಲ್ಲಿ ಮಾತ್ರ ಬಂದು ಜಾಗ ಕದಲದಿದ್ದರೆ, ಮೊಳೆಯ ಮರೆಯಲ್ಲಿ ಒಳ್ಳೆಯದೇನೋ ಇರಬಹುದು; ಅಂಥದ್ದನ್ನು ನಾನು ಬಿಡುವುದೇ ಇಲ್ಲ.

ಹುಲ್ಲುನೆಲವಾದರೆ ಲಾಳದ ಆಕಾರದಲ್ಲಿ ಮೂರು ಕಡೆ ಕತ್ತರಿಸಿ, ಹೆಂಟೆಯನ್ನು ಬೇರುಸಹಿತ ಮಡಚಿ, ಮಣ್ಣನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಹಾಕುತ್ತೇನೆ. ವಸ್ತು ಸಿಕ್ಕ ಮೇಲೂ ಅಗೆದ ಕುಳಿಯ ಗೋಡೆಗೆ ಪಿನ್‌ಪಾಯಿಂಟರ್ (ಕೈಯಲ್ಲಿ ಹಿಡಿಯುವ ಚಿಕ್ಕ ಡಿಟೆಕ್ಟರ್) ಆಡಿಸಬೇಕು. ಉತ್ತ ಮಣ್ಣಿನ ಕೆಳಗೆ ಕದಡದ ಇದ್ದಿಲು, ಇಟ್ಟಿಗೆ ಸಾಲು, ಮಡಕೆ ಚೂರುಗಳ ಪದರ ಕಂಡರೆ ಅಲ್ಲಿಗೆ ನಿಲ್ಲಿಸಿ ಮುಚ್ಚಿ, ಪುರಾತತ್ವದವರಿಗೆ ತಿಳಿಸಬೇಕು. ಆ ಪದರ ಒಮ್ಮೆ ಕೆದಕಿದರೆ ಮತ್ತೆ ಓದಲಾಗದು.

ಹಸಿರು ಕಿಲುಬು ಹಿಡಿದ ಅಂಗಿ ಗುಂಡಿ ಕೈಗೆ ಬಂದಾಗ ಹೆಬ್ಬೆರಳಿಂದ ಉಜ್ಜುವ ಆಸೆ ತಡೆಯಿರಿ. ಮಣ್ಣಿನೊಳಗಿನ ಮರಳು ಮೇಲ್ಮೈಯನ್ನು ಗೀರುತ್ತದೆ. ಅಂಚಿನ ಅಕ್ಷರಗಳು ಉಳಿದಿರುವುದು ಆ ಕಿಲುಬಿನ ಪದರದಲ್ಲೇ. ಹುಳಿ ದ್ರಾವಣವೂ ಅದನ್ನೇ ತಿನ್ನುತ್ತದೆ. ಡಿಸ್ಟಿಲ್ಡ್ ನೀರಿನಲ್ಲಿ ನೆನೆಹಾಕಿ, ದಿನಕ್ಕೊಮ್ಮೆ ನೀರು ಬದಲಿಸಿ, ಮರದ ಕಡ್ಡಿಯಿಂದ ಮಣ್ಣು ಬಿಡಿಸುತ್ತೇನೆ. ಕಬ್ಬಿಣದ ವಸ್ತು ಒಣಗಿದ ಮೇಲೆ ಒಳಗಿನ ಉಪ್ಪಿನಿಂದ ಪದರಪದರವಾಗಿ ಸಿಪ್ಪೆ ಬಿಡುತ್ತದೆ, ಅದಕ್ಕೆ ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿ ಬೇಕು.

ಪ್ರತಿ ವಸ್ತುವಿಗೂ ಬೇರೆ ಚೀಲ, ಅದರೊಳಗೆ ಸಂಖ್ಯೆ, ಆಳ, ಜಾಗದ ಚೀಟಿ. ಫೋನಿನ ಜಿಪಿಎಸ್ ಕೆಲವು ಮೀಟರ್ ತಪ್ಪುವುದರಿಂದ, ಕದಲದ ಎರಡು ಗುರುತುಗಳಿಂದ ಟೇಪ್ ಹಿಡಿದು ಅಳೆಯುತ್ತೇನೆ. ಮೊಳೆಗಳನ್ನೂ ಎಸೆಯುವುದಿಲ್ಲ: ಚೌಕ ಮೈಯವು ಒಂದು ಚೀಲಕ್ಕೆ, ತಂತಿಯಿಂದ ಮಾಡಿದ ದುಂಡು ಮೈಯವು ಇನ್ನೊಂದಕ್ಕೆ. ದುಂಡು ಮೊಳೆ ಹೆಚ್ಚಿರುವ ಮೂಲೆ ಸಾಮಾನ್ಯವಾಗಿ ಆಮೇಲೆ ಕಟ್ಟಿದ್ದು ಅಥವಾ ದುರಸ್ತಿಯಾದದ್ದು.