ಒಬ್ಬರಿಗೆ ಒಂದೇ ಹಾಡು: ಇಂಡೀ ಸಂಗೀತವನ್ನು ಹುಡುಕಿ ಹಂಚಿದ ನನ್ನ ಅನುಭವ

ಇಂಡೀ, ಅಂದರೆ ದೊಡ್ಡ ಕಂಪನಿಗಳ ಬೆಂಬಲವಿಲ್ಲದ, ಹೆಸರೇ ಕೇಳಿರದ ಬ್ಯಾಂಡಿನ ಹಾಡನ್ನು ಕಾಲೇಜಿನ ಸಹಪಾಠಿಗಳು ಕೊನೆಯವರೆಗೆ ಕೇಳುವುದಿರಲಿ, ಲಿಂಕನ್ನು ಒತ್ತುವುದೂ ಇಲ್ಲ ಎಂದು ನನಗೆ ಬುದ್ಧಿ ಹೇಳಿದವರು ಒಬ್ಬಿಬ್ಬರಲ್ಲ. ಸಂಗೀತದ ವಿಷಯದಲ್ಲಿ ನಾನು ಬಹಳ ಗೌರವಿಸುವ ಹಿರಿಯ ವಿದ್ಯಾರ್ಥಿಯೊಬ್ಬರು, "ನೀನು ಕೇಳು, ಸಂತೋಷಪಡು, ಊರಿಗೆಲ್ಲ ಹಂಚುವ ಉಸಾಬರಿ ಮಾತ್ರ ಬೇಡ" ಎಂದು ನೇರವಾಗಿಯೇ ಹೇಳಿದ್ದರು. ಈಗ ಕೆಲವು ಸೆಮಿಸ್ಟರುಗಳಿಂದ ವಾರಕ್ಕೆ ಒಬ್ಬರಿಗೆ ಒಂದೇ ಹಾಡು ಕಳಿಸುವ ನನ್ನ ಪದ್ಧತಿ ನಿಲ್ಲದೆ ನಡೆಯುತ್ತಿದೆ. ಇಪ್ಪತ್ತಕ್ಕಿಂತ ಹೆಚ್ಚು ಜನ ನಾನು ಕಳಿಸುವ ಹಾಡಿಗಾಗಿ ಕಾಯುತ್ತಾರೆ, ಆ ಹಿರಿಯರೂ ಅವರಲ್ಲೊಬ್ಬರು. ಇದೇ ಹುಚ್ಚಿನಲ್ಲಿರುವವರಿಗೆ ಉಪಯೋಗವಾದೀತೆಂದು ಬರೆದಿಡುತ್ತಿದ್ದೇನೆ. ಬ್ಯಾಂಡ್‌ಕ್ಯಾಂಪ್ (ಬ್ಯಾಂಡುಗಳು ತಮ್ಮ ಆಲ್ಬಂಗಳನ್ನು ನೇರವಾಗಿ ಮಾರುವ ತಾಣ), ಸೌಂಡ್‌ಕ್ಲೌಡ್ (ಯಾರು ಬೇಕಾದರೂ ಧ್ವನಿಮುದ್ರಣ ಏರಿಸಬಹುದಾದ ತಾಣ), ಡಿಸ್ಕಾಗ್ಸ್ (ಆಲ್ಬಂಗಳ ವಿವರಗಳ ಭಂಡಾರ) ಮುಂತಾದವುಗಳ ಬಳಕೆ ನಿಮಗೆ ಗೊತ್ತಿದೆ ಎಂದೇ ಭಾವಿಸಿದ್ದೇನೆ.

ಹುಡುಕಾಟದಲ್ಲಿ ಮೊದಲ ವರ್ಷವೆಲ್ಲ ನಾನು ನೆಚ್ಚಿಕೊಂಡದ್ದು ಸ್ಟ್ರೀಮಿಂಗ್ ಸೇವೆಗಳು ತಾವಾಗಿಯೇ ತಯಾರಿಸಿ ಕೊಡುವ ಶಿಫಾರಸು ಪಟ್ಟಿಗಳನ್ನು. ನೂರಾರು ಹಾಡು ಕೇಳಿದ ಮೇಲೆ ಉಳಿದುಕೊಂಡವು ಹತ್ತೋ ಹನ್ನೆರಡೋ ಇರಬೇಕು, ಅವುಗಳಲ್ಲಿಯೂ ಹೆಚ್ಚಿನವು ಆಗಲೇ ಲಕ್ಷಾಂತರ ಕೇಳುಗರಿದ್ದ ಹಾಡುಗಳು. ಬೇರೆಯವರು ಏನನ್ನು ಜೊತೆಜೊತೆಯಾಗಿ ಕೇಳಿದ್ದಾರೆ ಎಂಬುದರ ಮೇಲೆ ನಿಂತಿರುವ ಯಾವ ಲೆಕ್ಕಾಚಾರವೂ ಇನ್ನೂರು ಜನ ಮಾತ್ರ ಕೇಳಿರುವ ಹಾಡನ್ನು ಸುಲಭವಾಗಿ ಮೇಲೆತ್ತಲಾರದು, ಏಕೆಂದರೆ ಆ ಹಾಡಿನ ಬಗ್ಗೆ ಲೆಕ್ಕ ಹಾಕಲು ಬೇಕಾದಷ್ಟು ಮಾಹಿತಿಯೇ ಅದರ ಬಳಿ ಇರುವುದಿಲ್ಲ. ನನಗೆ ಬೇಕಿದ್ದದ್ದು ಆ ಇನ್ನೂರು ಜನರ ಹಾಡೇ. 2015ರ ಜುಲೈಯಿಂದ ಹೊಸ ಬಿಡುಗಡೆಗಳೆಲ್ಲ ಜಗತ್ತಿನಾದ್ಯಂತ ಶುಕ್ರವಾರಕ್ಕೆ ಬಂದು ನಿಂತಿರುವುದರಿಂದ ಆ ದಿನ ದೊಡ್ಡ ಲೇಬಲ್‌ಗಳ (ಹಾಡು ಹೊರತರುವ ಕಂಪನಿಗಳ) ಸದ್ದಿನಲ್ಲಿ ಸಣ್ಣವರ ಹೆಸರು ಮುಳುಗಿಹೋಗುತ್ತದೆ. ಹಾಗಾಗಿ ಶುಕ್ರವಾರ ಮತ್ತು ಶನಿವಾರ ನಾನು ಹೊಸದೇನನ್ನೂ ಹುಡುಕುವುದಿಲ್ಲ. ಮಂಗಳವಾರದ ರಾತ್ರಿಯೇ ನನ್ನ ಹುಡುಕಾಟದ ಹೊತ್ತು.

ದಾರಿ ತೆರೆದದ್ದು ಆಲ್ಬಂ ಪುಟದ ತಳದಲ್ಲಿ ಸಣ್ಣ ಅಕ್ಷರದಲ್ಲಿರುವ ಹೆಸರುಗಳನ್ನು ಓದಲು ಶುರುಮಾಡಿದ ಮೇಲೆ. ಬ್ಯಾಂಡ್‌ಕ್ಯಾಂಪಿನಲ್ಲಿ ಹಾಡುಗಳ ಪಟ್ಟಿಯ ಕೆಳಗೆ ಯಾರು ಧ್ವನಿಮುದ್ರಿಸಿದರು, ದನಿ, ವಾದ್ಯಗಳನ್ನು ಹದವಾಗಿ ಬೆರೆಸಿ ಮಿಕ್ಸ್ ಮಾಡಿದವರು ಯಾರು, ಬಿಡುಗಡೆಗೆ ಮುನ್ನ ಸದ್ದನ್ನು ಕೊನೆಯದಾಗಿ ಹದಗೊಳಿಸುವ ಮಾಸ್ಟರಿಂಗ್ ಮಾಡಿದವರು ಯಾರು, ಮೂರನೆಯ ಹಾಡಿಗೆ ಚೆಲೋ ನುಡಿಸಿದವರು ಯಾರು ಎಂದೆಲ್ಲ ಬ್ಯಾಂಡಿನವರೇ ಬರೆದಿರುತ್ತಾರೆ. ಸಣ್ಣ ಸಂಗೀತವಲಯಗಳಲ್ಲಿ ಮಾಸ್ಟರಿಂಗ್ ಮಾಡುವವರೂ ಹೆಚ್ಚಾಗಿ ಬೇರೊಂದು ಬ್ಯಾಂಡಿನ ಡ್ರಮ್ಮರೋ ಗಿಟಾರ್ ವಾದಕರೋ ಆಗಿರುತ್ತಾರೆ. ಅವರ ಹೆಸರನ್ನು ಡಿಸ್ಕಾಗ್ಸ್‌ನಲ್ಲಿ ಹಾಕಿದರೆ ಅವರು ಕೈಯಾಡಿಸಿದ ಆಲ್ಬಂಗಳು ಸಾಲಾಗಿ ಬಂದು ನಿಲ್ಲುತ್ತವೆ. ಹಳೆಯ ಉದಾಹರಣೆ ಬೇಕಾದರೆ ವಾಷಿಂಗ್ಟನ್‌ನ ಡಿಸ್ಕಾರ್ಡ್ ಲೇಬಲ್ ನೋಡಿ. 1980ರಲ್ಲಿ ಶುರುವಾದ ಈ ಲೇಬಲ್ ಬಹುಮಟ್ಟಿಗೆ ತನ್ನ ನಗರದ ಬ್ಯಾಂಡುಗಳನ್ನೇ ಹೊರತಂದಿದೆ, ಅದರ ಅನೇಕ ಆಲ್ಬಂಗಳಲ್ಲಿ ಇನ್ನರ್ ಇಯರ್ ಸ್ಟುಡಿಯೊ ಮತ್ತು ಅದನ್ನು ನಡೆಸಿದ ಧ್ವನಿಮುದ್ರಕ ಡಾನ್ ಝೆಂತಾರಾ ಎಂಬ ಹೆಸರುಗಳು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ. ಆ ಒಂದು ಸ್ಟುಡಿಯೊದ ಹೆಸರು ಹಿಡಿದು ಹೊರಟರೆ ಒಂದು ಇಡೀ ಊರಿನ ಸಂಗೀತ ತಿಳಿಯುತ್ತದೆ. ಇಂದಿನ, ಮಲಗುವ ಕೋಣೆಯಲ್ಲೇ ಧ್ವನಿಮುದ್ರಿಸುವ ಬ್ಯಾಂಡುಗಳಿಗೂ ಇದೇ ಸೂತ್ರ ಅನ್ವಯಿಸುತ್ತದೆ. ಸ್ಟುಡಿಯೊದ ಬದಲು ಮಿಕ್ಸ್ ಮಾಡಿಕೊಟ್ಟ ಗೆಳೆಯನ ಹೆಸರನ್ನು ಹಿಡಿಯಬೇಕು, ಅಷ್ಟೆ. ಗಾಯಕರ ಹೆಸರನ್ನು ಹಿಡಿದು ಹೋಗುವವರಿಗಿಂತ ಬಾಸ್ ಗಿಟಾರ್ ನುಡಿಸುವವರ ಹೆಸರನ್ನು ಹಿಡಿದು ಹೋಗುವವರಿಗೆ ಒಳ್ಳೆಯ ಹಾಡು ಸಿಗುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬಾಸ್ ನುಡಿಸುವವರು ಯಾವಾಗಲೂ ಕಡಿಮೆ, ಆದ್ದರಿಂದ ಒಬ್ಬರೇ ನಾಲ್ಕು ಬ್ಯಾಂಡುಗಳಲ್ಲಿರುತ್ತಾರೆ.

ಎರಡನೆಯ ದಾರಿ ಕೊಂಡವರ ಸಂಗ್ರಹ. ಬ್ಯಾಂಡ್‌ಕ್ಯಾಂಪಿನ ಆಲ್ಬಂ ಪುಟದಲ್ಲಿ ಅದನ್ನು ಹಣ ಕೊಟ್ಟು ಕೊಂಡವರ ಪುಟ್ಟ ಚಿತ್ರಗಳಿರುತ್ತವೆ. ಒಂದನ್ನು ಒತ್ತಿದರೆ ಆ ವ್ಯಕ್ತಿಯ ಪೂರ್ತಿ ಸಂಗ್ರಹ ತೆರೆದುಕೊಳ್ಳುತ್ತದೆ. ಇದು ಎಲ್ಲರಿಗೂ ಗೊತ್ತು. ಆದರೆ ಸಾವಿರಗಟ್ಟಲೆ ಆಲ್ಬಂ ಕೊಂಡವರ ಸಂಗ್ರಹ ನೋಡಿ ಪ್ರಯೋಜನವಿಲ್ಲ, ಅವರು ಸಿಕ್ಕಿದ್ದನ್ನೆಲ್ಲ ಕೊಳ್ಳುತ್ತಾರೆ. ಮೂವತ್ತರಿಂದ ಎಂಬತ್ತರ ಒಳಗೆ ಆಲ್ಬಂಗಳಿರುವ, ಹಣ ಎಣಿಸಿ ಎಣಿಸಿ ಕೊಂಡವರ ಸಂಗ್ರಹವೇ ನನಗೆ ಬೇಕು. ಅಂಥವರಲ್ಲಿ ಯಾರನ್ನು ಆರಿಸಿಕೊಳ್ಳಬೇಕು ಎಂಬುದಕ್ಕೆ ನನ್ನದೇ ಆದ ಇನ್ನೊಂದು ಗುರುತಿದೆ. ಅದನ್ನು ಇಲ್ಲಿ ಬರೆದರೆ ನಾಳೆಯಿಂದ ಎಲ್ಲರೂ ಅದೇ ಐದಾರು ಜನರ ಹಿಂದೆ ಬೀಳುವುದರಿಂದ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ.

ರೇಡಿಯೊ ಕೇಂದ್ರಗಳ ಹಾಡುಪಟ್ಟಿಗಳನ್ನೂ ಓದುತ್ತೇನೆ, ಕೇಳುವುದಕ್ಕಿಂತ ಓದುವುದೇ ಹೆಚ್ಚು. ಸಿಯಾಟಲ್‌ನ ಕೆಇಎಕ್ಸ್‌ಪಿ 1972ರಲ್ಲಿ ಕೆಸಿಎಂಯು ಎಂಬ ಹೆಸರಿನ ವಿದ್ಯಾರ್ಥಿ ರೇಡಿಯೊ ಆಗಿ ಹುಟ್ಟಿದ್ದು. ನ್ಯೂಜೆರ್ಸಿಯ ಡಬ್ಲ್ಯೂಎಫ್‌ಎಂಯು ಕೂಡ 1958ರಲ್ಲಿ ಒಂದು ಕಾಲೇಜಿನ ಕೇಂದ್ರವಾಗಿಯೇ ಶುರುವಾಗಿ, ಆ ಕಾಲೇಜು ಮುಚ್ಚಿದ ಮೇಲೂ ಉಳಿದುಕೊಂಡಿತು. ಎರಡೂ ಕೇಂದ್ರಗಳು ಯಾವ ಹೊತ್ತಿಗೆ ಯಾವ ಹಾಡು ಹಾಕಿದೆವೆಂದು ಪಟ್ಟಿ ಪ್ರಕಟಿಸುತ್ತವೆ. ನನಗೆ ಇಷ್ಟವಾದ ಅಪರೂಪದ ಹಾಡೊಂದನ್ನು ಆ ಪಟ್ಟಿಗಳಲ್ಲಿ ಹುಡುಕಿ, ಅದರ ಹಿಂದಿನದು ಮತ್ತು ಮುಂದಿನದು ಯಾವುದೆಂದು ಗುರುತು ಹಾಕಿಕೊಳ್ಳುತ್ತೇನೆ. ಮನುಷ್ಯರು ಯೋಚಿಸಿ ಒಂದರ ಪಕ್ಕ ಒಂದಿಟ್ಟ ಹಾಡುಗಳಲ್ಲಿ ಸುಮಾರು ಐದಕ್ಕೆ ಒಂದು ನನಗೆ ಹಿಡಿಸಿದೆ. ತಾನಾಗಿಯೇ ತಯಾರಾದ ಪಟ್ಟಿಗಳಲ್ಲಿ ಈ ಪ್ರಮಾಣ ಮೂವತ್ತಕ್ಕೆ ಒಂದೂ ಇರಲಿಲ್ಲ.

ಹಣದ ಮಾತು ತಪ್ಪಿಸುವಂತಿಲ್ಲ. ನನ್ನ ತಿಂಗಳ ಕೈಖರ್ಚಿನಲ್ಲಿ ಹತ್ತರಲ್ಲೊಂದು ಪಾಲನ್ನು ಸಂಗೀತಕ್ಕೆ ಎತ್ತಿಡುತ್ತೇನೆ. ಅದರಲ್ಲಿ ಒಂದು ಆಲ್ಬಂ ಬರುತ್ತದೆ, ಅದೃಷ್ಟವಿದ್ದರೆ ಒಂದೂವರೆ. ಆರಂಭದಲ್ಲಿ ಆ ಪಾಲು ಒಂದು ಸ್ಟ್ರೀಮಿಂಗ್ ಸೇವೆಯ ಚಂದಾ ಹಣಕ್ಕೇ ಹೋಗುತ್ತಿತ್ತು. ಆಮೇಲೆ ಲೆಕ್ಕ ಹಾಕಿ ನೋಡಿದೆ. ಸ್ಪಾಟಿಫೈನಲ್ಲಿ 2024ರಿಂದ, ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಲ್ಪಡದ ಹಾಡಿಗೆ ಧ್ವನಿಮುದ್ರಣದ ಗೌರವಧನವೇ (ರಾಯಲ್ಟಿ) ಸಿಗುವುದಿಲ್ಲ, ಮೂವತ್ತು ಸೆಕೆಂಡು ದಾಟದ ಕೇಳಿಕೆ ಲೆಕ್ಕಕ್ಕೂ ಬರುವುದಿಲ್ಲ. ನಾನು ಹಂಚುವ ಹಾಡುಗಳಲ್ಲಿ ಅರ್ಧದಷ್ಟು ಈ ಸಾವಿರದ ಗಡಿಯ ಕೆಳಗೇ ಇರುವಂಥವು. ಬ್ಯಾಂಡ್‌ಕ್ಯಾಂಪ್ ಡಿಜಿಟಲ್ ಮಾರಾಟದಲ್ಲಿ ಶೇ. 15ನ್ನು ತೆಗೆದುಕೊಳ್ಳುತ್ತದೆ, ಟೀ ಶರ್ಟು, ಕ್ಯಾಸೆಟ್ಟುಗಳಂಥ ವಸ್ತುಗಳಿಗೆ ಶೇ. 10, ಹಣ ವರ್ಗಾವಣೆಯ ಖರ್ಚು ಬೇರೆ. 2020ರ ಮಾರ್ಚಿನಲ್ಲಿ ಶುರುವಾದ ಬ್ಯಾಂಡ್‌ಕ್ಯಾಂಪ್ ಫ್ರೈಡೇ ದಿನಗಳಲ್ಲಿ ಆ ಪಾಲನ್ನೂ ಬಿಟ್ಟುಕೊಡುತ್ತದೆ. ಆದ್ದರಿಂದ ನಾನು ಮತ್ತು ನಾಲ್ವರು ಗೆಳೆಯರು ಚಂದಾ ನಿಲ್ಲಿಸಿ, ಬೇಕಾದ ಆಲ್ಬಂಗಳನ್ನು ಅಲ್ಲಿನ ವಿಶ್‌ಲಿಸ್ಟಿಗೆ (ಮುಂದೆ ಕೊಳ್ಳಬೇಕಾದವುಗಳ ಪಟ್ಟಿಗೆ) ಸೇರಿಸಿಟ್ಟು, ಅಂಥ ಶುಕ್ರವಾರ ಬಂದಾಗ ಒಬ್ಬೊಬ್ಬರು ಬೇರೆ ಬೇರೆ ಆಲ್ಬಂ ಕೊಳ್ಳುತ್ತೇವೆ. ಫೈಲುಗಳನ್ನು ಒಬ್ಬರಿಂದೊಬ್ಬರಿಗೆ ನಕಲು ಮಾಡುವುದಿಲ್ಲ ಎಂಬ ನಿಯಮ ಇಟ್ಟುಕೊಂಡಿದ್ದೇವೆ. ಬೇರೆಯವರದ್ದನ್ನು ಕೇಳಬೇಕಾದರೆ ಅವರ ಕೋಣೆಗೇ ಹೋಗಬೇಕು. ಈ ನಿಯಮದಿಂದಲೇ ನಮ್ಮ ವಾರದ ಕೂಟ ಹುಟ್ಟಿತು.

ಹಂಚುವ ವಿಷಯದಲ್ಲಿ ಸೋತದ್ದು ಇನ್ನೂ ಹೆಚ್ಚು. ತರಗತಿಯ ಗುಂಪಿಗೆ ದಿನವೂ ಲಿಂಕ್ ಹಾಕಿದೆ. ಹೆಬ್ಬೆರಳು ಎತ್ತಿದವರು ಇದ್ದರು, ಕೇಳಿದವರು ಇರಲಿಲ್ಲ. ಇನ್ನೂರು ಹಾಡುಗಳ ಪ್ಲೇಲಿಸ್ಟ್ ಮಾಡಿ ಕೊಟ್ಟೆ, "ಬಹಳ ಚೆನ್ನಾಗಿದೆ" ಎಂದರು. ನನಗೆ ಅನುಮಾನ ಬಂದು ಒಂದು ಪರೀಕ್ಷೆ ಹೂಡಿದೆ. ಗ್ರಂಥಾಲಯದ ದಂಡದ ನಿಯಮಗಳನ್ನು ನನ್ನದೇ ದನಿಯಲ್ಲಿ ಗಂಭೀರವಾಗಿ ಓದಿ, ಅರ್ಧ ನಿಮಿಷದ ಆ ಧ್ವನಿಮುದ್ರಣವನ್ನು ಸೌಂಡ್‌ಕ್ಲೌಡ್‌ಗೆ ಖಾಸಗಿಯಾಗಿ ಏರಿಸಿ, ಅಲ್ಲಿಯೇ ಮಾಡಿದ ಹೊಸದೊಂದು ಪ್ಲೇಲಿಸ್ಟಿನ ಆರನೆಯ ಜಾಗದಲ್ಲಿಟ್ಟು, ಲಿಂಕನ್ನು ಸುಮಾರು ನಲವತ್ತು ಜನರಿಗೆ ಕಳಿಸಿದೆ. ಎರಡು ವಾರ ಕಳೆದರೂ ಅದರ ಕೇಳಿಕೆಯ ಎಣಿಕೆ ಎರಡೋ ಮೂರೋ ಇತ್ತು, ಅದರಲ್ಲಿ ಒಂದು ನನ್ನದೇ. ಒಬ್ಬರೂ ಅದೇನೆಂದು ಕೇಳಲಿಲ್ಲ. "ಚೆನ್ನಾಗಿದೆ" ಎಂಬ ಮೆಚ್ಚುಗೆ ಮಾತ್ರ ಎಂದಿನಂತೆ ಬಂತು.

ಪಟ್ಟಿ ಕೊಡುವುದನ್ನು ಅಲ್ಲಿಗೇ ಬಿಟ್ಟೆ. ಈಗ ನಾನು ಒಬ್ಬರಿಗೆ ಒಂದು ವಾರಕ್ಕೆ ಒಂದೇ ಹಾಡು ಕಳಿಸುತ್ತೇನೆ, ಗುಂಪಿಗೆ ಕಳಿಸುವುದೇ ಇಲ್ಲ. ಜೊತೆಗೆ ಎರಡು ಸಾಲು ಬರೆಯುತ್ತೇನೆ: ಒಂದರಲ್ಲಿ ಆ ವ್ಯಕ್ತಿಗೆ ಇದನ್ನೇ ಯಾಕೆ ಕಳಿಸಿದೆ ಎಂಬುದು, ಇನ್ನೊಂದರಲ್ಲಿ ಹಾಡಿನ ಒಳಗಿನ ಒಂದು ಸಮಯ. "ಎರಡು ನಿಮಿಷ ಹತ್ತು ಸೆಕೆಂಡಿಗೆ ಡ್ರಮ್ ನಿಂತುಹೋಗುತ್ತದೆ, ಆದರೆ ಹಾಡುವವಳಿಗೆ ಅದು ಗೊತ್ತೇ ಆಗಿಲ್ಲವೇನೋ ಎಂಬಂತೆ ಹಾಡುತ್ತಾಳೆ" ಎಂದು ಬರೆದರೆ ಆ ಜಾಗ ಬರುವವರೆಗೆ ಎಂಥ ಸೋಮಾರಿಯೂ ಕೇಳುತ್ತಾನೆ. ಬ್ಯಾಂಡಿನ ಊರು, ಪ್ರಕಾರ, ಯಾರ ಹಾಗಿದೆ ಎಂಬ ಹೋಲಿಕೆ ಇವು ಯಾವುದನ್ನೂ ಬರೆಯುವುದಿಲ್ಲ. ಪ್ರಕಾರದ ಹೆಸರು ಓದಿದೊಡನೆ ಅದು ತನಗಲ್ಲ ಎಂದು ತೀರ್ಮಾನಿಸಿಬಿಡುವವರೇ ಹೆಚ್ಚು. ಸಮಯ ಬರೆಯದೆ ಕಳಿಸುತ್ತಿದ್ದಾಗ ಹತ್ತು ಜನರಲ್ಲಿ ಒಬ್ಬರೋ ಇಬ್ಬರೋ ಮರುಮಾತಾಡುತ್ತಿದ್ದರು, ಬರೆದು ಕಳಿಸಿದಾಗ ಆರೇಳು ಜನ. ಕಳಿಸುವ ಹೊತ್ತೂ ಮುಖ್ಯ: ತರಗತಿಗಳ ನಡುವೆ ಕಳಿಸಿದ್ದು ಸತ್ತುಹೋಗುತ್ತದೆ. ನಾನು ಕಳಿಸುವ ಹೊತ್ತು ಯಾವುದೆಂಬುದು ನನ್ನ ಗುಟ್ಟು. ನಿಮ್ಮ ಗೆಳೆಯರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಂಟಿಯಾಗಿರುವುದು ಯಾವಾಗ ಎಂದು ನೋಡಿಕೊಂಡರೆ ನಿಮಗೂ ಸಿಕ್ಕೀತು.

ವಾರದ ಕೂಟದಲ್ಲಿ ಐದಾರು ಜನ ಸೇರಿ, ತಲೆಗೊಂದು ಹಾಡು ಹಾಕಿ, ಹೆಸರನ್ನೂ ಚಿತ್ರವನ್ನೂ ಮರೆಮಾಚಿ ಕೇಳುತ್ತೇವೆ, ಕೊನೆಯಲ್ಲಿ ಅಂಕ ಕೊಡುತ್ತೇವೆ. ಒಂದೆರಡು ತಿಂಗಳು ಒಬ್ಬನೇ ಗೆಳೆಯನ ಹಾಡುಗಳು ಗೆಲ್ಲುತ್ತಿದ್ದವು. ಅವನ ಅಭಿರುಚಿ ನಮ್ಮೆಲ್ಲರಿಗಿಂತ ಮೇಲೆಂದು ಒಪ್ಪಿಕೊಳ್ಳುವ ಹಂತಕ್ಕೂ ಬಂದಿದ್ದೆವು. ಕಾರಣ ಬೇರೆಯೇ ಇತ್ತು: ಅವನು ತರುತ್ತಿದ್ದ ಹಾಡುಗಳ ಮಾಸ್ಟರಿಂಗ್ ಸದ್ದು ಉಳಿದವಕ್ಕಿಂತ ಬಹಳ ಜೋರಾಗಿತ್ತು, ಜೋರಾದದ್ದು ಕಿವಿಗೆ ಚೆನ್ನಾಗಿಯೇ ಕೇಳುತ್ತದೆ. ಸ್ಪಾಟಿಫೈ ಎಲ್ಲ ಹಾಡುಗಳನ್ನೂ ಮೈನಸ್ 14 ಎಲ್‌ಯುಎಫ್‌ಎಸ್‌ನ (ಸದ್ದಿನ ಜೋರನ್ನು ಅಳೆಯುವ ಮಾನ) ಆಸುಪಾಸಿಗೆ ತಂದು ನುಡಿಸುವುದರಿಂದ ಅಲ್ಲಿ ಈ ವ್ಯತ್ಯಾಸ ಅಷ್ಟಾಗಿ ಕಾಣಿಸುವುದಿಲ್ಲ, ಆದರೆ ಕೊಂಡು ಇಳಿಸಿಕೊಂಡ ಫ್ಲ್ಯಾಕ್ (ಗುಣಮಟ್ಟ ಕುಗ್ಗಿಸದ) ಫೈಲುಗಳು ಇದ್ದ ಹಾಗೆಯೇ ನುಡಿಯುತ್ತವೆ. ಫೂಬಾರ್ 2000 ಎಂಬ ಹಾಡು ನುಡಿಸುವ ತಂತ್ರಾಂಶದಲ್ಲಿ ರೀಪ್ಲೇಗೇನ್ (ಹಾಡು ಎಷ್ಟು ಜೋರೆಂದು ಅಳೆದು ಸರಿದೂಗಿಸುವ ಸೌಲಭ್ಯ) ಲೆಕ್ಕ ಹಾಕಿಸಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದು ಕೇಳಿದ ಮೊದಲ ವಾರವೇ ಅವನ ಹಾಡು ಕೊನೆಯ ಸ್ಥಾನಕ್ಕೆ ಇಳಿಯಿತು. ಅಕೂಸ್ಟಿಕ್ ಗಿಟಾರಿನ ಜೊತೆ ಒಬ್ಬಳೇ ಹಾಡಿದ್ದ, ಮೊದಲು ಯಾರ ಗಮನಕ್ಕೂ ಬಾರದ ಹಾಡೊಂದು ಮೇಲೆ ಬಂತು. ರೀಪ್ಲೇಗೇನ್ ಬರೆಯುವುದು ಫೈಲಿನ ವಿವರಗಳಿರುವ ಟ್ಯಾಗಿನಲ್ಲಿ ಒಂದು ಸಂಖ್ಯೆಯನ್ನಷ್ಟೆ, ಧ್ವನಿಯನ್ನು ಮುಟ್ಟುವುದಿಲ್ಲ. ಆದ್ದರಿಂದ ಫೈಲು ಹಾಳಾಗುವ ಭಯ ಬೇಡ. ಇದೇ ಹುರುಪಿನಲ್ಲಿ ಫ್ಲ್ಯಾಕ್ ಮತ್ತು 320 ಕೆಬಿಪಿಎಸ್‌ನ (ಗಾತ್ರ ಕುಗ್ಗಿಸಿದ, ಆದರೆ ಮೇಲ್ಮಟ್ಟದ) ಎಂಪಿ3 ನಡುವಿನ ವ್ಯತ್ಯಾಸವನ್ನೂ ಪರೀಕ್ಷಿಸಿದೆವು. ನಮ್ಮಲ್ಲಿ ಒಬ್ಬರಿಗೂ ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ಉತ್ತಮವಾಗಿ ಗುರುತಿಸಲಾಗಲಿಲ್ಲ, ಆದರೂ ಫ್ಲ್ಯಾಕ್ ಇಳಿಸಿಕೊಳ್ಳುವುದನ್ನು ಯಾರೂ ಬಿಟ್ಟಿಲ್ಲ.

ಪದ್ಧತಿ ಹಿಡಿದಿದೆ ಎಂದು ನನಗೆ ಖಾತ್ರಿಯಾದದ್ದು, ನಾನು ಒಬ್ಬಳಿಗೆ ಮಾತ್ರ ಕಳಿಸಿದ್ದ ಹಾಡನ್ನು ಬೇರೆ ವಿಭಾಗದ, ನನಗೆ ಅಷ್ಟಾಗಿ ಪರಿಚಯವಿಲ್ಲದ ಹುಡುಗನೊಬ್ಬ "ನಿಮಗೆ ಇಂಥದ್ದು ಇಷ್ಟವಂತೆ, ಇದನ್ನು ಕೇಳಿ ನೋಡಿ" ಎಂದು ನನಗೇ ಕಳಿಸಿದಾಗ. ಸಮಯವನ್ನೂ ಬರೆದಿದ್ದ, ಅದು ನಾನು ಬರೆದದ್ದಾಗಿರಲಿಲ್ಲ; ಹಾಡಿನಲ್ಲಿ ಇನ್ನೊಂದು ಒಳ್ಳೆಯ ಜಾಗವನ್ನು ಅವನು ತಾನೇ ಹುಡುಕಿಕೊಂಡಿದ್ದ. ಅದು ನನ್ನಿಂದಲೇ ಹೊರಟ ಹಾಡೆಂದು ನಾನು ಹೇಳಲಿಲ್ಲ. ಈಗ ಅವನೂ ಕೂಟಕ್ಕೆ ಬರುತ್ತಾನೆ.

ಇತ್ತೀಚೆಗೆ ಕೈ ಹಾಕಿರುವುದು ಡೌನ್‌ಲೋಡ್ ಕೋಡುಗಳಿಗೆ, ಅಂದರೆ ಹಣ ಕೊಡದೆ ಆಲ್ಬಂ ಇಳಿಸಿಕೊಳ್ಳಲು ಬಿಡುವ ಗುಪ್ತಸಂಕೇತಗಳಿಗೆ. ಬ್ಯಾಂಡ್‌ಕ್ಯಾಂಪಿನಲ್ಲಿ ಕಲಾವಿದರು ಉಚಿತ ಕೋಡುಗಳನ್ನು ಸೃಷ್ಟಿಸಬಹುದಾದ್ದರಿಂದ, ಒಂದು ಸಣ್ಣ ಬ್ಯಾಂಡಿಗೆ ನಾನು ಹಂಚುವ ರೀತಿಯನ್ನು ವಿವರಿಸಿ ಪತ್ರ ಬರೆದೆ. ಅವರು ಹತ್ತು ಹನ್ನೆರಡು ಕೋಡು ಕಳಿಸಿದರು. ಮೊದಲು ಸಿಕ್ಕಿದವರಿಗೆಲ್ಲ ಕೊಟ್ಟದ್ದರಿಂದ ಮೂರು ನಾಲ್ಕು ಮಾತ್ರ ಬಳಕೆಯಾದವು. ಉಳಿದವನ್ನು ಹಿಂದಕ್ಕೆ ಪಡೆದು, ಅದೇ ಬ್ಯಾಂಡಿನ ಎರಡನೆಯ ಹಾಡು ಬೇಕೆಂದು ತಾವಾಗಿಯೇ ಬಂದವರಿಗಷ್ಟೇ ಕೊಡುತ್ತ ಹೋದೆ. ಒಂದೂ ಉಳಿಯಲಿಲ್ಲ, ಹಾಗೆ ಪಡೆದವರಲ್ಲಿ ಇಬ್ಬರು ಆಮೇಲೆ ಅದೇ ಬ್ಯಾಂಡಿನ ಹಳೆಯ ಆಲ್ಬಂ ಅನ್ನು ಹಣ ಕೊಟ್ಟು ಕೊಂಡರು. ಮುಂದಿನ ಸೆಮಿಸ್ಟರಿಗೆ ಇನ್ನೂ ಮೂರು ಬ್ಯಾಂಡುಗಳಿಗೆ ಪತ್ರ ಹೋಗಿದೆ, ಒಂದರಿಂದ ಉತ್ತರವೂ ಬಂದಿದೆ.