ಬೆನ್ನುನೋವಿಗೆ ಟೆನ್ಸ್ ಮಷಿನ್ ಬಳಸುವವರಿಗೆ

ಟೆನ್ಸ್ ಅಂದರೆ ಚರ್ಮಕ್ಕೆ ಅಂಟಿಸಿದ ಪ್ಯಾಡ್‌ಗಳ ಮೂಲಕ ಸಣ್ಣಗೆ ಕರೆಂಟ್ ಹಾಯಿಸಿ ನೋವು ತಗ್ಗಿಸಲು ಬಳಸುವ ಮಷಿನ್. ಅದನ್ನು ಹಾಕುವಾಗ ಅರ್ಧ ಕೆಲಸ ಪ್ಯಾಡ್ ಅಂಟಿಸುವುದರಲ್ಲೇ ಇದೆ. ಎಣ್ಣೆ, ಬಾಮ್ ಹಚ್ಚಿದ ಬೆನ್ನಿಗೆ ಅದು ನಿಲ್ಲುವುದಿಲ್ಲ. ಸೋಪು ಹಾಕಿ ತೊಳೆದು ಚೆನ್ನಾಗಿ ಒರೆಸಿ. ಬೆನ್ನುಮೂಳೆಯ ಮೇಲೆ ಬೇಡ, ನೋವಿರುವ ಜಾಗದ ಅಕ್ಕಪಕ್ಕ ಅಂಟಿಸಿ. ಒಂದಕ್ಕೊಂದು ತಾಗಬಾರದು. ಕೈ ಎಟುಕದಿದ್ದರೆ ಮನೆಯವರನ್ನು ಕರೆಯಿರಿ, ಸುಮ್ನೆ ತಿರುಚಿಕೊಂಡು ನೋವು ಜಾಸ್ತಿ ಮಾಡಿಕೊಳ್ಳಬೇಡಿ.

ಅಂಟಿಸಿದ ಮೇಲೇ ಆನ್ ಮಾಡಿ, ಕರೆಂಟನ್ನು ಸೊನ್ನೆಯಿಂದ ನಿಧಾನಕ್ಕೆ ಏರಿಸಿ. ಜೋರಾಗಿ ಜುಮ್ ಅನ್ನಬೇಕು, ನೋಯಬಾರದು. ಶುರುವಿಗೆ 80ರಿಂದ 100 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಸಲ ಕರೆಂಟಿನ ಮಿಡಿತ), 20-30 ನಿಮಿಷ ಸಾಕು. ನಿದ್ದೆ ಮಾಡುವಾಗ, ಗಾಡಿ ಓಡಿಸುವಾಗ ಬೇಡವೇ ಬೇಡ.

ಇದು ನೋವಿನ ಕಾರಣವನ್ನು ವಾಸಿ ಮಾಡುವುದಿಲ್ಲ. ಎಲ್ಲರಿಗೂ ಒಗ್ಗುತ್ತದೆ ಅಂತಲೂ ಇಲ್ಲ. ಯಾವ ಚಿಕಿತ್ಸೆ ಕೊಡಬೇಕು ಎಂದು ಸಲಹೆ ಕೊಡುವ ಬ್ರಿಟನ್ನಿನ ನೈಸ್ (NICE) ಸಂಸ್ಥೆಯಂತೂ 2016ರ ಮಾರ್ಗಸೂಚಿಯಲ್ಲಿ ಸೊಂಟನೋವಿಗೆ ಟೆನ್ಸ್ ಕೊಡಬೇಡಿ ಎಂದೇ ಹೇಳಿದೆ. ಹಾಗಾಗಿ ದುಡ್ಡು ಸುರಿಯುವ ಮುಂಚೆ ಫಿಸಿಯೋ ಹತ್ತಿರ ಒಮ್ಮೆ ಹಾಕಿಸಿ ನೋಡೋದು ಒಳ್ಳೇದಲ್ವಾ? ಹಾಯೆನಿಸಿದರೆ ಆ ಹೊತ್ತಿನಲ್ಲಿ ಸ್ವಲ್ಪ ನಡೆದಾಡಿ.

ಪೇಸ್‌ಮೇಕರ್ ಇರುವವರು, ಗರ್ಭಿಣಿಯರು, ಫಿಟ್ಸ್ ಬರುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಕಾಲಿನ ಬಲ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ಮಷಿನ್ ಬದಿಗಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಿ.

ಅಂದಹಾಗೆ, ಪ್ಯಾಡಿನ ಅಂಟು ಒಣಗಿದರೆ ಬೆರಳಲ್ಲಿ ಒಂದು ಹನಿ ನೀರು ಸವರಿ. ಬಳಸಿದ ಮೇಲೆ ಅದರ ಪ್ಲಾಸ್ಟಿಕ್ ಹಾಳೆಗೇ ವಾಪಸ್ ಅಂಟಿಸಿಡಿ.